ಅಕ್ಕನಿಗೆ ತಂದ ವೈನು

ಭಾವ ತೀರಿಕೊಂಡ ಮಾರನೆಯ ವರ್ಷ ಅಕ್ಕ ತೆರಕಣಾಂಬಿಯ ಮನೆಗೆ ಬೀಗ ಹಾಕಿ, ಚಾಮರಾಜನಗರದಲ್ಲಿ ನಾನೊಬ್ಬಳೇ ಇದ್ದ ಬಾಡಿಗೆ ಮನೆಗೆ ಬಂದಳು. ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ತಲೆ ಎತ್ತದೆಯೇ ಅಂದಳು: “ಆ ಕುಡಿಯಾದ್ರೊಳ್ಗ ಅದ್ಯಾನದೆ ಅಂತ ಒಂದ್ಸಲ ನಾನೂ ನೋಡ್ಬೇಕು ಕಣಮ್ಮಿ. ತಂದ್ಕೊಡು.”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹಾಳು ಚಟ ಭಾವನನ್ನು ನುಂಗಿದ್ದು ಸಾಲದೆ? “ತಲೆಗಿಲೆ ಕೆಟ್ಟದ ನಿಂಗೆ?” ಎಂದು ರೇಗಿದೆ. ಆಗ ಅಕ್ಕ ವಿಷಯ ಬಿಚ್ಚಿದಳು. ಮಣ್ಣು ಮಾಡಿ ಬಂದ ದಿನ ಅವಳ ನಾದಿನಿ ನೆಂಟರೆಲ್ಲರ ಎದುರಿಗೆ ಅಂದಿದ್ದಳಂತೆ: “ಎಂಡ್ತಿ ನೆಟ್ಗಿದ್ದಿದ್ರ ನಮ್ಮಣ್ಣ ಯಾಕ ಬಾಟ್ಲಿ ಹಿಡಿತಿದ್ದ?” ಆ ಮಾತು ಅಂದಿನಿಂದ ಅಕ್ಕನನ್ನು ಕೊರೆಯುತ್ತಿತ್ತು. ಅದು ಅಷ್ಟೊಂದು ರುಚಿಯಾದ ಪದಾರ್ಥವೇ ಆಗಿದ್ದರೆ ಯಾವ ಹೆಂಡತಿಯಿಂದಲೂ ತಡೆಯಲಾಗುತ್ತಿರಲಿಲ್ಲ, ತಪ್ಪು ತನ್ನದಲ್ಲ. ಹಾಗಲ್ಲದಿದ್ದರೆ? ಅದನ್ನು ತಿಳಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ಒಪ್ಪಿದೆ, ಆದರೆ ಚಾಮರಾಜನಗರದಲ್ಲಿ ಕೊಳ್ಳುವ ಹಾಗಿರಲಿಲ್ಲ. ಅಂಗಡಿ ಮುಂದೆ ನಿಂತರೆ ಸಂಜೆಯೊಳಗೆ ಇಡೀ ಆಫೀಸಿಗೆ ಗೊತ್ತಾಗುತ್ತದೆ. ಕೆಲಸದ ಮೇಲೆ ಗುಂಡ್ಲುಪೇಟೆಗೆ ಹೋದಾಗ ಊಟಿ ರಸ್ತೆಯ ಅಂಗಡಿಯೊಂದಕ್ಕೆ ಸೆರಗು ಹೊದ್ದು ನುಗ್ಗಿದೆ. ಭಾವ ಕುಡಿಯುತ್ತಿದ್ದ ಬ್ರಾಂದಿ ಕೇಳಲು ನಾಲಿಗೆ ಏಳಲಿಲ್ಲ. “ವೈನ್ ಕೊಡಿ, ಕೆಂಪುದು, ಕಮ್ಮಿ ರೇಟಿಂದು” ಅಂದೆ. “ಊಟಿಗೋಗೋರೆಲ್ಲ ಇದ್ನೇ ತಗೊಳ್ಳೋದು ಮೇಡಂ” ಎಂದು ಅಂಗಡಿಯವನು ಯಾವುದೋ ಹೆಸರು ಕೇಳದ ಬಾಟಲಿಗೆ ಪೇಪರ್ ಸುತ್ತಿ ಕೊಟ್ಟ. ಬಸ್ಸಿನಲ್ಲಿ ಅದರ ಮೇಲೊಂದು ಕಟ್ಟು ದಂಟಿನ ಸೊಪ್ಪು ಇಟ್ಟು, ಕಳ್ಳಿಯ ಹಾಗೆ ಕೂತು ಬಂದೆ. ನಲವತ್ತು ದಾಟಿದ ಸರ್ಕಾರಿ ನೌಕರಿಯವಳ ಗತಿ ನೋಡಿ!

ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡೆವು. ಅಕ್ಕ ಕೊರಳಿನ ಲಿಂಗ ತೆಗೆದು, ಕಣ್ಣಿಗೊತ್ತಿಕೊಂಡು, ದೇವರ ಗೂಡಿನಲ್ಲಿಟ್ಟಳು. ನನ್ನದನ್ನೂ ಇಸಿದುಕೊಂಡಳು.

“ಅವ್ರೂ ಇಂಗೇಯ. ಸಂಜ ಆದ್ರ ಬಾಗ್ಲಲ್ಲಿ ನಿಂತ್ಕಂಡು ಲಿಂಗ ಬಿಚ್ಚಿ ನನ್ ಕೈಗೆ ಕೊಟ್ಬುಟ್ಟು ಓಯ್ತಿದ್ರು. ನಾನೂ ಈಸ್ಕಂಡು ಒಳಗಿಡ್ತಿದ್ದೆ.”

ಸ್ಟೀಲ್ ಲೋಟಕ್ಕೆ ಸುರಿದೆ. ಬೀಟ್‌ರೂಟ್ ಬೇಯಿಸಿದ ನೀರಿನ ಹಾಗಿತ್ತು. ಮೊದಲ ಗುಟುಕು ನಾನೇ ನುಂಗಿದೆ. ಅಯ್ಯೋ ಶಿವನೇ! ಬರೀ ಹುಳಿ, ಹಿಂದೆಯೇ ಒಗರು. ಕಾಯಿ ನೇರಳೆ ಅಗಿದಂತೆ ನಾಲಿಗೆ ದಪ್ಪವಾಯಿತು. ಅಕ್ಕನ ಮುಖ ನೋಡಲು ಹೆದರಿಕೆಯಾಯಿತು. ಇವಳ ಬಾಯಿಗಾದರೂ ರುಚಿಯಾಗಿರಲಿ ದೇವರೇ ಎಂದು ಬೇಡಿಕೊಂಡೆ. ಹೆಂಡ ರುಚಿಯಾಗಿರಲಿ ಎಂದು ದೇವರನ್ನು ಬೇಡಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ಅಕ್ಕ ಕಷಾಯ ಕುಡಿಯುವವಳಂತೆ ಮೂಗು ಹಿಡಿದು ಅರ್ಧ ಲೋಟ ಇಳಿಸಿದಳು. ಮುಖ ಕಿವುಚಿಕೊಂಡು ಕೆಮ್ಮಿದಳು. “ಥೂ” ಅಂದಳು.

“ಇದು ಬೇರೆ ಕಣಕ್ಕ. ಭಾವ ಕುಡೀತಿದ್ದುದು ಬ್ರಾಂದಿ, ಅದು ಬಲು ರುಚಿಯಂತೆ” ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ.

“ಬುಡು ಬುಡು. ಕಡೆಕಡೆಗೆ ಮನೇಲೇ ಕುಡಿತಿದ್ರಲ್ಲ, ನಾ ಕಾಣ್ದೋಳಾ? ಅವ್ರೂ ಇಂಗೇ ಮುಖ ಕಿವುಚ್ಕಂಡೇ ನುಂಗ್ತಿದ್ದುದು.”

ತಪ್ಪು ತನ್ನದೇ ಅಂತ ಈಗ ಅಂದೇ ಬಿಡುತ್ತಾಳೆ ಅಂದುಕೊಂಡೆ. ಸತ್ತವನನ್ನು ಬಾಯಿ ತುಂಬ ಬೈದು ಅವಳ ಬಾಯಿ ಮುಚ್ಚಿಸಲು ಸಿದ್ಧಳಾಗಿದ್ದೆ. ಅಕ್ಕ ಲೋಟ ಕೆಳಗಿಟ್ಟಳು.

“ಬಾಯ್ಗೆ ಸೇರ್ದೇ ಇರಾದ್ನ ದಿನಾ ಕುಡಿದವ್ರೆ ಅಂದ್ರ, ಒಳಗ ಅದ್ಯಾನ್ ನೋವಿತ್ತೋ ಕಣಮ್ಮಿ. ಅದೆಷ್ಟ್ ಬೈದೆ, ಅದೆಷ್ಟ್ ಜಗಳ ಆಡ್ದೆ. ನಿಮ್ಗ ಯಾನಾಗದೆ ಅಂತ ಒಂದಿನಾನೂ ಕೇಳ್ನಿಲ್ಲ.”

ಮಣ್ಣಿನ ದಿನವೂ ಕಣ್ಣೀರು ಹಾಕದ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕೈ ಹಿಡಿದುಕೊಂಡು ಕೇಳಿದಳು: “ನಿಮ್ ಬಾವ ನಿನ್ ಕೂಟಾದ್ರೂ ಯಾನಾರ ಏಳ್ಕಂಡಿದ್ರಾ?”

ಇಲ್ಲ ಅಂದೆ. ನಾನೂ ಯಾವತ್ತೂ ಕೇಳಿರಲಿಲ್ಲ.