ಕೂಗದ ಸಾರ್ಜೆಂಟ್

ವೆಲಿಲೆಯ ಬಳಿ ನಲವತ್ತೊಂದು ಆಡುಗಳ ಸೈನ್ಯವಿತ್ತು. ಕೋಲೊರಾ ಹೊಳೆಯ ಎರಡೂ ದಡದಲ್ಲಿ ಅದು ಸೋತ ಯುದ್ಧವೊಂದಿಲ್ಲ. ಊರಿನ ಗಂಡಸರು ಗಣಿಗಳಿಗೆ ಹೋದ ಮೇಲೆ ಬೀಳುಬಿದ್ದ ಹೊಲಗಳನ್ನೆಲ್ಲ ಜಾಲಿಮುಳ್ಳು ಗೆದ್ದುಕೊಂಡಿತ್ತು. ಕೊಡಲಿ ಹಿಡಿದು ಹೋದವರು ಹರಿದ ಅಂಗೈ ತೋರಿಸುತ್ತ ಮರಳುತ್ತಿದ್ದರು. ಆಮೇಲೆ ವೆಲಿಲೆಗೆ ಕರೆ ಹೋಗುತ್ತಿತ್ತು. ಬಿಳಿ ಹೋತ ಸಾರ್ಜೆಂಟ್ ಹಿಂಗಾಲ ಮೇಲೆ ನಿಂತು ಎತ್ತರದ ಕೊಂಬೆಯನ್ನು ಎದೆಯಿಂದ ಬಗ್ಗಿಸಿ ಹಿಡಿದರೆ, ಹಿಂದಿದ್ದ ಪಡೆ ಎಲೆ, ಚಿಗುರು, ತೊಗಟೆ ಒಂದನ್ನೂ ಬಿಡದೆ ಬಳಿದು ತಿನ್ನುತ್ತಿತ್ತು. ಉಳಿದ ಕಡ್ಡಿಯನ್ನು ಅಜ್ಜಿಯರು ಒಲೆಗೆ ಒಯ್ಯುತ್ತಿದ್ದರು.

ಇಷ್ಟು ದೊಡ್ಡ ದಂಡನಾಯಕ ವೆಲಿಲೆಗೆ ಮಾತಾಡಲು ಮಾತ್ರ ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಗಣಿಯಲ್ಲಿ ದುಡಿದು ಬಂದಾಗ ಅವನ ಹೆಂಡತಿ ಬೇರೊಬ್ಬನ ಮನೆಯಲ್ಲಿ ಮೂರನೆಯ ಮಗುವಿಗೆ ಹಾಲೂಡುತ್ತಿದ್ದಳು. ಗುಡ್ಡದ ತುದಿಯ ದುಂಡು ಗುಡಿಸಲಿನಲ್ಲಿ ಅವನು ಒಬ್ಬನೇ. ಸಂಜೆ ರೊಪ್ಪದ ಬಾಗಿಲಲ್ಲಿ ಕೂತು ದಿನದ ಸುದ್ದಿ ಹೇಳಿದರೆ ನಲವತ್ತು ಆಡುಗಳು ಅಡ್ಡಬಾಯಿ ಹಾಕುತ್ತಿದ್ದವು. ಸಾರ್ಜೆಂಟ್ ಒಬ್ಬ ಸುಮ್ಮನೆ ಪೂರ್ತಿ ಕೇಳುತ್ತಿದ್ದ. ಅವನು ಹುಟ್ಟಾ ಮೂಕ. ಕಿವಿ ಕೊಯ್ದು ಗುರುತು ಹಾಕಿದಾಗಲೂ ದನಿ ಬಂದಿರಲಿಲ್ಲ. ನಲವತ್ತರ ಗಲಾಟೆಯಲ್ಲಿ ಒಬ್ಬನ ಮೌನ ಯಾರಿಗೆ ಗೊತ್ತಾಗಬೇಕು? ಗೊತ್ತಿದ್ದವನು ವೆಲಿಲೆ ಮಾತ್ರ.

ಆ ವರ್ಷ ಮಾಭೆಲೆಯ ಹೊಲದಿಂದ ಕರೆ ಬಂತು. ಗಂಡ ಸತ್ತು ಆರು ವರ್ಷವಾಗಿದ್ದ ಹೆಂಗಸು. ಕೇಪ್‌ಟೌನಿನ ಮನೆಗೆಲಸ ಬಿಟ್ಟು ಅವನ ಹೊಲ ಉಳಲು ಬಂದಿದ್ದಳು. ಕುಟ್ಟಿದ ಮೆಕ್ಕೆಜೋಳಕ್ಕೆ ಕಾಳು ಹಾಕಿ ಬೇಯಿಸಿ, ಮಧ್ಯಾಹ್ನ ತಾನೇ ಬಟ್ಟಲಲ್ಲಿ ತರುತ್ತಿದ್ದಳು. ವೆಲಿಲೆ ತಿಂದು ಮುಗಿಸುವವರೆಗೂ ಅಲ್ಲೇ ನಿಂತು ಬೈಯುತ್ತಿದ್ದಳು.

“ಏನ್ ಟೊಲೊ, ನಿನ್ ಆಡಿಗೆಲ್ಲ ಹಲ್ಲು ಉದುರಿದ್ವಾ? ಮಂಗಳವಾರ ಇದೇ ಪೊದೆ ಹತ್ರ ಕೂತಿದ್ದೆ. ಇವತ್ತೂ ಇಲ್ಲೇ ಇದೀಯ.” ಟೊಲೊ ಎಂಬುದು ಅವನ ಕುಲದ ಹೆಸರು, ಮರ್ಯಾದೆ ಕೊಡುವಾಗಲೂ ಅದೇ, ಬೈಯುವಾಗಲೂ ಅದೇ.

“ಹಳೇ ಜಾಲಿ ಇದು, ಮಾಭೆಲೆ. ಅವಸರ ಮಾಡಿದ್ರೆ ಹೊಟ್ಟೆ ಉಬ್ಬತ್ತೆ.”

“ಆಡಿಗೋ, ನಿನಗೋ? ನಿಂದು ಆಗ್ಲೇ ಉಬ್ಬಿದೆ. ತಿನ್ನು, ಬಟ್ಟಲು ತೊಳೀಬೇಕು.”

ಗಣಿಯಿಂದ ಬಂದ ಮೇಲೆ ಯಾರೂ ಅವನನ್ನು ಇಷ್ಟು ಮನಸಿಟ್ಟು ಬೈದಿರಲಿಲ್ಲ. ಹಾಗಾಗಿ ದಂಡನಾಯಕ ರಾಜದ್ರೋಹಕ್ಕಿಳಿದ. ಬೆಳಗ್ಗೆ ಗುಡ್ಡದ ಮೇಲೆಯೇ ಜೋಳದ ದಂಟು ಸುರಿದು ತನ್ನ ಸೈನ್ಯಕ್ಕೆ ಲಂಚ ತಿನ್ನಿಸಿ, ತೇಗುತ್ತಿದ್ದ ಯೋಧರನ್ನು ರಣರಂಗಕ್ಕೆ ಹೊಡೆದುಕೊಂಡು ಬರುತ್ತಿದ್ದ. ಮೂರು ವಾರದ ಯುದ್ಧ ಏಳು ವಾರ ನಡೆಯಿತು. ಆದರೂ ಆಡು ಆಡೇ; ಹೊಲ ಬಯಲಾಯಿತು.

“ಉಳೋಕೆ ಮುಂಚೆ ಹೊಲದ ಯಜಮಾನನ್ನ, ಸತ್ತೋನ್ನ, ಕೇಳ್ಬೇಕು,” ಎಂದಳು ಮಾಭೆಲೆ. “ಬಿಳೀ ಹೋತ ಬಲಿ ಕೊಡ್ಬೇಕಂತೆ. ನಿನ್ ಸಾರ್ಜೆಂಟ್‌ನ ಕೊಡು, ಎರಡು ಹಂದಿಮರಿ ಕೊಡ್ತೀನಿ.”

ವೆಲಿಲೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಭರ್ಜಿಯ ತುದಿ ತಾಗಿದಾಗ ಹೋತ ಕೂಗಬೇಕು. ಆ ಕೂಗೇ ಸತ್ತವರ ಒಪ್ಪಿಗೆ. ಕೂಗದಿದ್ದರೆ ಹೋತವನ್ನು ಬಿಟ್ಟುಬಿಡಬೇಕು, ಆ ವರ್ಷ ನೇಗಿಲು ಇಳಿಯುವಂತಿಲ್ಲ. ಸಾರ್ಜೆಂಟ್ ಉಳಿಯುತ್ತಾನೆ. ಜಾಲಿ ಮತ್ತೆ ಬರುತ್ತದೆ. ಜಾಲಿಯ ಹಿಂದೆ ತಾನು, ತನ್ನ ಹಿಂದೆ ಮಧ್ಯಾಹ್ನದ ಬಟ್ಟಲು.

“ಆಗ್ಲಿ,” ಎಂದು ತುತ್ತನ್ನು ಬಾಯಿಗಿಟ್ಟುಕೊಂಡ. ಬಾಯಿ ತುಂಬಿದ್ದವನು ಇನ್ನೇನು ಹೇಳಿಯಾನು?

ಶನಿವಾರ ಬೆಳಗ್ಗೆ ದನದ ದೊಡ್ಡಿಯಲ್ಲಿ ಜನ ಸೇರಿದರು. ಸತ್ತವನ ಅಣ್ಣ ಮಂಗಲಿಸೊ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಕರೆದು ಸಾರ್ಜೆಂಟನ ಹೊಟ್ಟೆಗೆ ಭರ್ಜಿಯ ತುದಿ ತಾಗಿಸಿದ. ಸದ್ದಿಲ್ಲ. ಮತ್ತೆ ತಾಗಿಸಿದ. ಸಾರ್ಜೆಂಟ್ ಬೆಚ್ಚಿದ, ಕಣ್ಣರಳಿಸಿದ, ಬಾಯಿ ಬಿಡಲಿಲ್ಲ. ಗಂಡಸರು ನೆಲ ನೋಡತೊಡಗಿದರು.

ವೆಲಿಲೆ ಗೆದ್ದಿದ್ದ. ಗೆದ್ದವನು ಸುಮ್ಮನೆ ಹೋತವನ್ನು ನೋಡಬೇಕಿತ್ತು. ಆದರೆ ಗೋಡೆಯ ಬಳಿ ಹೆಂಗಸರ ನಡುವೆ ನಿಂತಿದ್ದ ಮಾಭೆಲೆಯ ಕಡೆ ತಿರುಗಿದ. ಅವಳು ನೆಲದಡಿಯ ಗಂಡನಿಗೆ ಹೇಳುತ್ತಿದ್ದಳು: “ಇನ್ನೂ ಕೋಪಾನಾ? ಕೊನೇ ಗಳಿಗೇಲಿ ಬರ್ಲಿಲ್ಲ ಅಂತಾನಾ? ಬಸ್ಸು ಕೆಟ್ಟು ನಿಂತಿತ್ತು. ಹೇಳಿದ್ನಲ್ಲ, ಎಷ್ಟು ಸಲ ಹೇಳಿದ್ದೀನಿ...”

“ಅವನಲ್ಲ, ಮಾಭೆಲೆ!” ವೆಲಿಲೆಯ ದನಿ ಅವನಿಗೇ ಹೊಸದಾಗಿ ಕೇಳಿಸಿತು. “ಹೋತಕ್ಕೇ ಬಾಯಿಲ್ಲ. ಹುಟ್ಟಿದಾಗಿಂದ ಮೂಕ. ನಂಗೊತ್ತಿತ್ತು.”

ಮಂಗಲಿಸೊ ಭರ್ಜಿ ಇಳಿಸಿದ. “ನನ್ ತಮ್ಮನ ಹತ್ರ ಮಾತಾಡೋಕೆ ಮೂಕನ್ನ ಕಳಿಸ್ತೀಯಾ ಟೊಲೊ? ಗಣೀಲಿ ತಲೆ ಮೇಲೆ ಬಂಡೆ ಬಿದ್ದಿತ್ತೇನೋ?”

ದೊಡ್ಡಿ ನಗೆಯಿಂದ ತುಂಬಿತು. ಮಾಭೆಲೆ ನಗಲಿಲ್ಲ. “ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ?” ಎಂದಳು. ವೆಲಿಲೆ ಗುಡ್ಡ ಹತ್ತಿ ಇನ್ನೊಂದು ಬಿಳಿ ಹೋತವನ್ನು ಎಳೆತಂದ. ಅದು ಭರ್ಜಿ ಕಂಡೊಡನೆ ಹೊಳೆಯಾಚೆಗೂ ಕೇಳುವಂತೆ ಅರಚಿತು. “ಒಪ್ಪಿದ! ಒಪ್ಪಿದ!” ಎಂದರು ಎಲ್ಲರೂ. ಮಾಭೆಲೆ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಹಂದಿಮರಿಗಳನ್ನು ವೆಲಿಲೆ ಮುಟ್ಟಲಿಲ್ಲ.

ಮೆಕ್ಕೆಜೋಳ ಮೊಣಕಾಲೆತ್ತರ ಬಂತು. ಹೊಲವನ್ನು ಬಿಡಿಸಿಕೊಟ್ಟ ವೀರರು ಈಗ ಅದಕ್ಕೆ ಕಳ್ಳರು. ಅವರಿಗೇ ಹೆದರಿ ಸುತ್ತ ಒಣಜಾಲಿಯ ಬೇಲಿ ಎದ್ದಿತ್ತು. ಹೊಳೆಗೆ ಬೇರೆ ಎರಡು ದಾರಿಗಳಿದ್ದರೂ ವೆಲಿಲೆ ತನ್ನ ಸೈನ್ಯವನ್ನು ದಿನಾ ಮಧ್ಯಾಹ್ನ ಆ ಬೇಲಿಯ ಪಕ್ಕದಲ್ಲೇ ನಡೆಸುತ್ತಿದ್ದ. ಸಾರ್ಜೆಂಟ್ ತಪ್ಪದೆ ಕತ್ತು ಚಾಚುತ್ತಿದ್ದ.

“ಟೊಲೊ! ಆ ಮೂಕನ್ನ ಹಿಡ್ಕೋ!”

“ಹಿಡ್ದೆ, ಮಾಭೆಲೆ.”

ಅಷ್ಟೇ. ಸಂಜೆ ರೊಪ್ಪದ ಬಾಗಿಲಲ್ಲಿ ಕೂತು ಅದನ್ನೇ ಸಾರ್ಜೆಂಟನಿಗೆ ಹೇಳುತ್ತಿದ್ದ, ಮೊದಲು ಅವಳ ದನಿಯಲ್ಲಿ, ಆಮೇಲೆ ತನ್ನ ದನಿಯಲ್ಲಿ.