ಇಪ್ಪತ್ತು ಮುಖದ ಕವಡೆ

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅನ್ನಪೂರ್ಣಕ್ಕನ ಹೋಟೆಲ್ ಎಲ್ಲಿ ಎಂದು ಕೇಳಿದರೆ ಯಾರೂ ಬೋರ್ಡ್ ನೋಡಿ ಎನ್ನುವುದಿಲ್ಲ. ಬೈಗುಳ ಕೇಳಿಬರುವ ಕಡೆ ಹೋಗಿ ಎನ್ನುತ್ತಾರೆ. ಪೂರ್ತಿ ಹೆಸರು ಅನ್ನಪೂರ್ಣೇಶ್ವರಿ. ಹಸಿದು ಬಂದವನಿಗೆ ಅಷ್ಟುದ್ದದ ಹೆಸರು ಕರೆಯುವ ಪುರುಸೊತ್ತು ಎಲ್ಲಿ? ಎಲೆಯಲ್ಲಿ ಅನ್ನ ಬಿಟ್ಟು ಏಳುವವನು ಎಂಥ ದೊಡ್ಡ ಮನುಷ್ಯನೇ ಆಗಲಿ, "ಹೊಟ್ಟೆ ನೋಡ್ಕಂಡು ಹಾಕಿಸ್ಕಳದಲ್ವನ ಮಾರಾಯ" ಎಂದು ಎಲ್ಲರೆದುರೇ ಅನ್ನುತ್ತಾಳೆ. ಗಂಡ ತೀರಿಕೊಂಡಾಗ ಮಗ ವಿವೇಕ ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನನ್ನು ಬೆಳೆಸಿದ್ದು, ಪಂಪ್‌ಸೆಟ್ ರಿಪೇರಿ ಕಲಿಸಿದ್ದು, ಶಾಂಭವಿಯನ್ನು ತಂದು ಮದುವೆ ಮಾಡಿದ್ದು ಎಲ್ಲವೂ ಈ ಹೋಟೆಲಿನ ಸಾರು ಪಲ್ಯದಿಂದಲೇ.

ಆ ವಿವೇಕನಿಗೆ ಒಂದು ಹುಚ್ಚಿತ್ತು. ಭಾನುವಾರ ಊಟದ ಗದ್ದಲ ಇಳಿದ ಮೇಲೆ ಹಿಂದಿನ ಕೋಣೆಯಲ್ಲಿ ಗೆಳೆಯರ ಜೊತೆ ಆಟಕ್ಕೆ ಕೂರುತ್ತಿದ್ದ. ಇಸ್ಪೀಟಲ್ಲ, ಚೌಕಾಬಾರವೂ ಅಲ್ಲ; ಕತೆಯ ಆಟ. ಒಬ್ಬ ಕತೆ ನಡೆಸುತ್ತಾನೆ: ಕಾಡು, ಗುಹೆ, ಪಾಳುಕೋಟೆ, ಅದರೊಳಗೆ ಹೊಂಚು ಹಾಕಿ ಕೂತ ಅನಿಷ್ಟ. ಉಳಿದವರು ತಮಗೊಂದೊಂದು ಪಾತ್ರ ಮಾಡಿಕೊಂಡು ಆ ಕತೆಯೊಳಗೆ ಹೋಗಬೇಕು. ಏಟು ಬಿತ್ತೋ ತಪ್ಪಿತೋ, ಉಳಿದನೋ ಸತ್ತನೋ ಎಂದು ಹೇಳುವುದು ಇಪ್ಪತ್ತು ಮುಖದ ಒಂದು ದಾಳ. ದೊಡ್ಡ ಅಂಕಿ ಬಿದ್ದರೆ ಗೆದ್ದೆ, ಸಣ್ಣದು ಬಿದ್ದರೆ ಗೋತಾ. ಯಾರೋ ಆಡುವುದನ್ನು ಫೋನಿನಲ್ಲಿ ನೋಡಿ ಕಲಿತು, ದಾಳವನ್ನು ಕೊರಿಯರಿನಲ್ಲಿ ತರಿಸಿದವನು ವಿವೇಕನೇ. ಪರದೇಶದ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಯಕ್ಷ, ಕಿನ್ನರ, ನಾಗ, ರಾಕ್ಷಸ ಎಂದು ಇಟ್ಟುಕೊಂಡರು. ಪಾತ್ರ ಮಾಡುವುದಕ್ಕೆ ವೇಷ ಕಟ್ಟುವುದು ಎಂದರು. ಯಕ್ಷಗಾನ ನೋಡುತ್ತ ಬೆಳೆದವರು, ಮತ್ತೇನು ಅಂದಾರು?

ವೇಷ ಕಟ್ಟುವವನಿಗೆ ಮೂರು ಪ್ರಶ್ನೆ. ಕುಲ ಯಾವುದು, ಕಸುಬು ಯಾವುದು, ಕೊರತೆ ಏನು. ಗೂಡ್ಸ್ ಆಟೋ ಓಡಿಸುವ ಪ್ರದೀಪ ಪ್ರತಿ ಸಲವೂ ಕತ್ತಿ ಹಿಡಿದ ರಾಕ್ಷಸ. ಕೊಪ್ಪದ ಹೈಸ್ಕೂಲು ಮೇಷ್ಟ್ರು ಈಶಾನ ಪ್ರತಿ ಸಲವೂ ಗಡ್ಡದ ಮಂತ್ರವಾದಿ. ವಿವೇಕ ಮಾತ್ರ ಕೂಡದ್ದನ್ನು ಕೂಡಿಸುತ್ತಿದ್ದ. ರಕ್ತ ಕಂಡರೆ ತಲೆಸುತ್ತುವ ರಾಕ್ಷಸಿ, ಕಸುಬು ಸೂಲಗಿತ್ತಿ. ಕತ್ತಲೆಗೆ ಹೆದರುವ ನಾಗ, ಕಸುಬು ಕಳ್ಳತನ. ವಿವೇಕನ ಜೊತೆ ಪಂಪ್‌ಸೆಟ್ ರಿಪೇರಿಗೆ ಹೋಗುತ್ತಿದ್ದ ಸಂದೇಶ ಕತೆ ನಡೆಸುವವನು, ಹಣೆ ಚಚ್ಚಿಕೊಳ್ಳುತ್ತಿದ್ದ. ಚಾ ತಂದ ಅನ್ನಪೂರ್ಣಕ್ಕ ಬಾಗಿಲಲ್ಲೇ ನಿಂತು, "ಎಂತ ಕವಡೆ ಹಾಕ್ತಿರಾ ವಾರ ವಾರ, ಯಾರ ದನ ಕಳೆದಿದೆ?" ಎನ್ನುತ್ತಿದ್ದಳು. ನಮ್ಮ ಕಡೆ ದನ ಕಳೆದರೆ, ಹುಡುಗಿಗೆ ಗಂಡು ಕೂಡಿಬರದಿದ್ದರೆ ಭಟ್ಟರ ಹತ್ತಿರ ಹೋಗಿ ಕವಡೆ ಹಾಕಿಸಿ ಪ್ರಶ್ನೆ ಕೇಳುವುದು ರೂಢಿ. ಅವಳ ಲೆಕ್ಕಕ್ಕೆ ಈ ದಾಳವೂ ಅದೇ ಕವಡೆಯ ದೂರದ ನೆಂಟ.

ಒಂದು ಆಷಾಢದಲ್ಲಿ ವಿವೇಕ ಭದ್ರೆಯ ಹಿನ್ನೀರು ದಾಟಿ ಆಚೆ ದಡದ ತೋಟಕ್ಕೆ ಪಂಪ್‌ಸೆಟ್ ನೋಡಲು ಹೋದ. ಬರುವಾಗ ಗಾಳಿ ಎದ್ದು ದೋಣಿ ಮಗುಚಿತು. ದೋಣಿ ಸಿಕ್ಕಿತು, ದೋಣಿ ನಡೆಸುತ್ತಿದ್ದವನು ಈಜಿ ದಡ ಸೇರಿದ, ವಿವೇಕನ ಟೂಲ್ಸ್ ಚೀಲ ಕೂಡ ಒಂದು ಮರದ ಬೊಡ್ಡೆಗೆ ಸಿಕ್ಕಿಕೊಂಡಿತ್ತು. ವಿವೇಕ ಸಿಗಲಿಲ್ಲ. ಹುಡುಕಿದವರು ಹುಡುಕಿ ಹುಡುಕಿ ಸೋತು ಮನೆಗೆ ಹೋದರು.

ಆಮೇಲಿನ ಭಾನುವಾರ ಗೆಳೆಯರು ಮೂವರೂ ಬಂದು ಹಿಂದಿನ ಕೋಣೆಯಲ್ಲಿ ಸುಮ್ಮನೆ ಕೂತರು. ಮತ್ತೆಲ್ಲಿ ಹೋಗಿ ಕೂರಬೇಕೆಂದು ಅವರಿಗೂ ತಿಳಿಯಲಿಲ್ಲ. ಅನ್ನಪೂರ್ಣಕ್ಕ ಒಳಗಿನಿಂದ ಬಂದು ಸಂದೇಶನ ಎದುರು ಕೂತಳು.

"ಕೇಳಾ ಮಾಣಿ."

"ಎಂತ ಕೇಳದು ಅಮ್ಮ?"

"ನಿನ್ನ ಕವಡೆ ಹತ್ರ ಕೇಳು. ನನ್ನ ಮಗ ಇದಾನಾ ಇಲ್ವಾ."

"ಇದು ಆಟದ್ದು ಅಮ್ಮ, ಪ್ರಶ್ನೆ ಕೇಳದಲ್ಲ."

"ಆಟದ್ದೋ ಪಾಟದ್ದೋ, ಹಾಕು."

ಸಂದೇಶ ಹಾಕಿದ. ದಾಳ ಉರುಳಿ ಚಾ ಲೋಟಕ್ಕೆ ತಾಗಿ ನಿಂತಿತು. ಬಿದ್ದದ್ದು ಎರಡು. ಸಂದೇಶ ಗಬಕ್ಕನೆ ಅದರ ಮೇಲೆ ಅಂಗೈ ಇಟ್ಟು, "ಇಪ್ಪತ್ತು. ಇದಾನೆ ಅಮ್ಮ, ಎಲ್ಲೋ ಇದಾನೆ" ಎಂದ. ಆದರೆ ಜೀವಮಾನವಿಡೀ ಉಕ್ಕುವ ಹಾಲಿನ ಮೇಲೆ ಒಂದು ಕಣ್ಣಿಟ್ಟು ಬದುಕಿದವಳ ಕಣ್ಣಿಗಿಂತ ಅವನ ಕೈ ಚುರುಕಿರಲಿಲ್ಲ. ಅವಳು ಎರಡನ್ನು ನೋಡಿದಳು. ಸಂದೇಶನ ಮುಖವನ್ನೂ ನೋಡಿದಳು. "ಹೌದನಾ" ಎಂದಷ್ಟೇ ಹೇಳಿ ಅನ್ನಕ್ಕೆ ಇಡಲು ಒಳಗೆ ಹೋದಳು. ಇಬ್ಬರಲ್ಲಿ ಯಾರು ದೊಡ್ಡ ಸುಳ್ಳರು ಎಂದು ನನ್ನನ್ನು ಕೇಳಬೇಡಿ.

ಮಾರನೆಯ ಬೆಳಿಗ್ಗೆ ಕುಂಕುಮದ ಭರಣಿಯನ್ನು ತಾನೇ ಸೊಸೆಯ ಮುಂದೆ ಹಿಡಿದಳು. "ಹಚ್ಕ. ಗಂಡ ಇದಾನೆ." ಶಾಂಭವಿಯ ಕಣ್ಣು ತುಂಬಿದ್ದು ಕಂಡು ದನಿ ಗಟ್ಟಿ ಮಾಡಿದಳು. "ಇರೋ ಗಂಡನ್ನ ಅತ್ತು ಕಳಿಸ್ಬೇಡ ಮತ್ತೆ. ಅಪಶಕುನ." ಶಾಂಭವಿ ಕಣ್ಣೊರೆಸಿಕೊಂಡಳು. ಆ ದಿನದಿಂದ ಆ ಮನೆಯಲ್ಲಿ ಯಾರೂ ಅಳಲಿಲ್ಲ.

ಮಾತು ಬಾಯಿಂದ ಬಾಯಿಗೆ ಹೋಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಅನ್ನಪೂರ್ಣಕ್ಕನ ಹೋಟೆಲಿನಲ್ಲಿ ಇಪ್ಪತ್ತು ಮುಖದ ಕವಡೆ ಇದೆಯಂತೆ, ಮಗ ಬದುಕಿದ್ದಾನೆ ಅಂತ ಹೇಳಿತಂತೆ! ಜಯಪುರದಿಂದ ಒಬ್ಬರು ಕಳೆದ ದನ ಕೇಳಲು ಬಂದರು. ಕೊಪ್ಪದಿಂದ ಒಬ್ಬ ಹೆಂಗಸು ಬೆಂಡೋಲೆ ಕೇಳಲು ಬಂದಳು. ಸಂದೇಶ ಹಿತ್ತಲ ಬಾಗಿಲಿನಿಂದ ಓಡಿದ. "ಬೋರ್ಡ್ ಹಾಕ್ಸು ಮಾರಾಯ, ಪಂಪ್‌ಸೆಟ್ ರಿಪೇರಿ ಮತ್ತು ಪ್ರಶ್ನೆ ಅಂತ" ಎಂದು ಪ್ರದೀಪ ಕಿಚಾಯಿಸಿದ. ಆ ಜಯಪುರದ ದನವೋ, ತಾನಾಗಿಯೇ ಮನೆಗೆ ಬಂದಿತು. ಯಜಮಾನರು ಕವಡೆಗೆಂದು ಬಾಳೆಗೊನೆ ತಂದುಕೊಟ್ಟರು. ಊರೆಲ್ಲ ನಂಬಿದ ಮೇಲೆ ತಾನೊಬ್ಬಳು ನಂಬದಿದ್ದರೆ ಹೇಗೆ ಎಂದು ಅನ್ನಪೂರ್ಣಕ್ಕ ತನಗೆ ತಾನೇ ಹೇಳಿಕೊಂಡಳು.

ಸೀತೂರಿನಿಂದ ಮೈದುನ ಸೀತಾರಾಮ ವರ್ಷ ವರ್ಷ ಬಂದು ಕೂರುತ್ತಿದ್ದ. "ಅತ್ತಿಗೆ, ದೇಹ ಸಿಗ್ಲಿಲ್ಲ ಅಂದ್ರೆ ದರ್ಭೆಯಲ್ಲಿ ಗೊಂಬೆ ಮಾಡಿ ಸಂಸ್ಕಾರ ಮುಗಿಸೋ ಕ್ರಮ ಇದೆ. ಮಾಣಿ ಎಲ್ಲೂ ಸೇರದೆ ತಿರುಗ್ತಾ ಇರ್ತಾನೆ. ನಾನು ನಿಂತು ಮಾಡ್ತೆ."

"ಬದುಕಿದವನಿಗೆ ತಿಥಿ ಮಾಡ್ತಿಯನಾ? ಕಾಫಿ ಕುಡಿ, ಆರ್ತದೆ."

ಅವನು ಕಾಫಿ ಕುಡಿದು ಹೋಗುತ್ತಿದ್ದ.

ಭಾನುವಾರದ ಆಟ ನಿಲ್ಲಲಿಲ್ಲ. ವಿವೇಕನ ಕುರ್ಚಿ ಖಾಲಿ ಇರಬಾರದೆಂದು ಅನ್ನಪೂರ್ಣಕ್ಕ ಮೊದಲು ಸುಮ್ಮನೆ ಬಂದು ಕೂತಳು. ಆಮೇಲೆ ವೇಷವನ್ನೂ ಕಟ್ಟಿದಳು. ಅಬ್ಬಾ, ಮಗ ಯಾರ ಹೊಟ್ಟೆಯಲ್ಲಿ ಹುಟ್ಟಿದ್ದ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಹಸಿವೇ ಆಗದ ಯಕ್ಷ, ಕಸುಬು ಅಡುಗೆ. ಮೌನವ್ರತ ಹಿಡಿದ ರಾಕ್ಷಸಿ, ಕಸುಬು ಹರಾಜು ಕೂಗುವುದು. ಒಮ್ಮೆ ಕಿನ್ನರಿ, ಕಸುಬು ಬಸ್ ಕಂಡಕ್ಟರ್ ಎಂದಳು. ಆ ಕಾಲದಲ್ಲಿ ಬಸ್ಸಿಲ್ಲ ಅಮ್ಮ ಎಂದು ಸಂದೇಶ ಗೋಗರೆದ. "ಹಾಗಾದ್ರೆ ಎತ್ತಿನಗಾಡಿ ಕಂಡಕ್ಟರ್. ಚಿಲ್ರೆ ಕೊಡದವರನ್ನ ಕಾಡಲ್ಲಿ ಇಳಿಸದು." ಪ್ರದೀಪ ನಕ್ಕು ನಕ್ಕು ಚಾ ನೆತ್ತಿಗೇರಿಸಿಕೊಂಡ. ಆ ಎರಡು ತಾಸು ಅವಳೂ ನಗುತ್ತಿದ್ದಳು.

ಒಂದೇ ಒಂದು ತೊಡಕು. ಕತೆಯಲ್ಲಿ ಅವಳ ವೇಷ ಏಟು ತಿಂದು ಬಿದ್ದರೆ, ಉಳಿಯಿತೋ ಸತ್ತಿತೋ ಎಂದು ಅವಳೇ ದಾಳ ಹಾಕಬೇಕು. ಹಾಕುತ್ತಿರಲಿಲ್ಲ. ದಾಳವನ್ನು ಮುಷ್ಟಿಯಲ್ಲಿ ಹಿಡಿದು, "ಒಗ್ಗರಣೆ ಸೀಯ್ತು ನೋಡು" ಎಂದು ಅಡುಗೆಮನೆಗೆ ಎದ್ದುಬಿಡುತ್ತಿದ್ದಳು. ಒಲೆಯ ಮೇಲೆ ಒಗ್ಗರಣೆಯೂ ಇರುತ್ತಿರಲಿಲ್ಲ, ಎಂತದೂ ಇರುತ್ತಿರಲಿಲ್ಲ. ಅವಳು ಬರುವಷ್ಟರಲ್ಲಿ ಸಂದೇಶ ಕತೆಯೊಳಗೆ ಒಬ್ಬ ವೈದ್ಯನನ್ನೋ ಒಂದು ಬೇರನ್ನೋ ತಂದಿರುತ್ತಿದ್ದ. ಮೂರು ವರ್ಷದಲ್ಲಿ ಅವಳ ಒಂದು ವೇಷವೂ ಸಾಯಲಿಲ್ಲ.

ಈ ಮೂರು ವರ್ಷ ಶಾಂಭವಿ ತರಕಾರಿ ಹೆಚ್ಚಿದಳು, ಬಡಿಸಿದಳು, ಬೆಳಿಗ್ಗೆ ಎದ್ದು ಭರಣಿಯಿಂದ ಕುಂಕುಮ ಹಚ್ಚಿಕೊಂಡಳು. ಇನ್ನೂ ಮೂವತ್ತು ತುಂಬದ ಹುಡುಗಿ. ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಹೋಟೆಲಿನ ಗಲ್ಲಾದ ಹಿಂದೆ ನಿಂತರೆ ಗಿರಾಕಿಗಳು ಅವಳ ಹಣೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವಳನ್ನು ಕಂಡು ಈಶಾನನಿಗೆ ಮೊದಲು ಮರುಕ ಬಂತು, ಆಮೇಲೆ ಮರುಕಕ್ಕಿಂತ ಹೆಚ್ಚಿನದೇನೋ ಬಂತು. ಮೇಷ್ಟ್ರು ಸ್ವಭಾವತಃ ಸಂಕೋಚದವನು, ಅವಳ ಹತ್ತಿರ ಒಂದು ಮಾತೂ ಆಡಿದವನಲ್ಲ. ಮನೆಯಲ್ಲಿ ತಾಯಿಗೆ ಹೇಳಿದ. ಕಳೆದ ಮಾಘದಲ್ಲಿ ಆ ತಾಯಿ ಕೊಪ್ಪದಿಂದ ಬಸ್ಸು ಹತ್ತಿ ಬಂದು, ಊಟ ಮಾಡಿ, ಕೈ ತೊಳೆದು, ಅನ್ನಪೂರ್ಣಕ್ಕನ ಪಕ್ಕ ಕೂತು ಮೆಲ್ಲಗೆ ವಿಷಯ ಎತ್ತಿದಳು.

"ನಿಮ್ಮ ಸೊಸೇನ ಮಗಳ ಹಾಗೆ ನೋಡ್ಕಳ್ತೆ. ನೀವು ಮನಸ್ಸು ಮಾಡಿದ್ರೆ..."

"ಅವಳ ಗಂಡ ಇದಾನೆ" ಎಂದಳು ಅನ್ನಪೂರ್ಣಕ್ಕ. "ಕವಡೆ ಹೇಳಿದೆ. ನಿಮ್ಮ ಮಗ ಅಲ್ಲೇ ಕೂತಿದ್ದ, ಕೇಳಿ ಬೇಕಾದ್ರೆ."

ಬಂದವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಅಡುಗೆಮನೆಯಲ್ಲಿ ಶಾಂಭವಿ ಬೀನ್ಸ್ ಹೆಚ್ಚುತ್ತಿದ್ದಳು. ಎಲ್ಲವೂ ಕೇಳಿಸಿತ್ತು. ಅನ್ನಪೂರ್ಣಕ್ಕ ಒಳಗೆ ಬಂದು ಅವಳ ಬೆನ್ನಿಗೆ ಹೇಳಿದಳು.

"ನಿನಗೆ ಹೋಗೋ ಮನಸ್ಸಿದ್ರೆ ಹೇಳಿಬಿಡು."

ಶಾಂಭವಿ ಚಾಕು ಕೆಳಗಿಟ್ಟಳು. ತಿರುಗಲಿಲ್ಲ. "ಮದುವೆ ಗಿದುವೆ ಆಮೇಲಿನ ಮಾತು ಅತ್ತೆ. ನಿಮ್ಮನ್ನ ಬಿಟ್ಟು ಹೋಗ್ತೆ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ನಂಗೆ ಅಳಕ್ಕಾದ್ರೂ ಬಿಡಿ."

ಅನ್ನಪೂರ್ಣಕ್ಕ ಆ ಚಾಕು ಎತ್ತಿಕೊಂಡು ಉಳಿದ ಬೀನ್ಸ್ ತಾನೇ ಹೆಚ್ಚಿದಳು.

ಆ ವಾರ ಅವಳ ಸಾರಿಗೆ ಉಪ್ಪು ಒಂದು ದಿನ ಹೆಚ್ಚಾಯಿತು, ಒಂದು ದಿನ ಬಿದ್ದೇ ಇರಲಿಲ್ಲ. ತಾನು ಕಾಯುತ್ತಿದ್ದೇನೆ ಎಂದು ಅಂದುಕೊಂಡಿದ್ದಳಲ್ಲ, ಕಾದದ್ದಲ್ಲ ಅದು. ತನ್ನ ಅಳುವಿಗೆ ಹೆದರಿ ಆ ಹುಡುಗಿಯ ಅಳುವನ್ನೂ ಒತ್ತಿ ಹಿಡಿದಿದ್ದಳು. ಹೆತ್ತ ಕರುಳು ಸ್ವಾರ್ಥಿ. ಇದನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಹೇಳದಿದ್ದರೂ ಇರುವುದು ಹಾಗೆಯೇ.

ಭಾನುವಾರ ಹೊಸ ಕತೆ ಶುರುವಾಗುವುದಿತ್ತು. ಈಶಾನ ಬರಲೋ ಬೇಡವೋ ಎಂಬಂತೆ ಬಂದು ಮೂಲೆಯಲ್ಲಿ ತಲೆತಗ್ಗಿಸಿ ಕೂತ. ಪ್ರದೀಪ ಎಂದಿನಂತೆ ಕತ್ತಿಯ ರಾಕ್ಷಸನನ್ನು ಕಟ್ಟಿದ. ಶಾಂಭವಿ ಚಾ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಸಂದೇಶ ಅನ್ನಪೂರ್ಣಕ್ಕನ ಕಡೆ ತಿರುಗಿದ.

"ನಿಮ್ದು ಹೇಳಿ ಅಮ್ಮ. ಕುಲ?"

"ಮನುಷ್ಯ."

ಪ್ರದೀಪ ನಕ್ಕ. ಆ ಮೇಜಿನಲ್ಲಿ ಇಷ್ಟು ವರ್ಷದಲ್ಲಿ ಯಾರೂ ಮನುಷ್ಯರಾಗಿರಲಿಲ್ಲ. "ಎಂತ ಅಮ್ಮ, ಸಪ್ಪೆ ಆಯ್ತಲ್ಲ."

"ಕಸುಬು?" ಎಂದ ಸಂದೇಶ.

"ಹೋಟೆಲ್."

"ಕೊರತೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಮಗ ಹೋದ" ಎಂದಳು. "ಹೊಳೇಲಿ ಹೋದ. ಸತ್ತ."

ಪ್ರದೀಪನ ನಗು ಹಾಗೇ ನಿಂತಿತು. ಸಂದೇಶ "ಅಮ್ಮ, ಇದು ಬೇಡ" ಎಂದ. ಅವಳು ಅವನ ಕೈ ಹಿಡಿದಳು. "ಅವತ್ತು ಎರಡು ಬಿದ್ದಿತ್ತು ಸಂದೇಶ. ನಾನು ನೋಡಿದ್ದೆ. ನೀನು ಪಾಪ, ನನ್ನ ಮೇಲಿನ ಪ್ರೀತಿಗೆ ಹೇಳಿದೆ. ನಾನು ನನ್ನ ಮೇಲಿನ ಪ್ರೀತಿಗೆ ಕೇಳಿಸ್ಕಂಡೆ. ಅವನು ದಡಕ್ಕೆ ಬರ್ಲಿಲ್ಲ. ಅವತ್ತೇ ಗೊತ್ತಿತ್ತು ನಂಗೆ."

ಆಮೇಲೆ ಬಾಗಿಲ ಕಡೆ ನೋಡಿದಳು. "ಶಾಂಭವಿ, ತಟ್ಟೆ ಕೆಳಗಿಡು. ಅಳು ಬಾ."

ತಟ್ಟೆ ಇಡುವಷ್ಟೂ ತಾಳ್ಮೆ ಆ ಹುಡುಗಿಗೆ ಉಳಿದಿರಲಿಲ್ಲ. ಈಶಾನ ಎದ್ದು ತಟ್ಟೆ ತೆಗೆದುಕೊಂಡು ಹೊರಗೆ ಹೋದ. ಅಷ್ಟು ಬುದ್ಧಿ ಅವನಿಗಿತ್ತು. ಶಾಂಭವಿ ನೆಲದ ಮೇಲೆ ಕೂತು, ಅತ್ತೆಯ ತೊಡೆಗೆ ಮುಖ ಒತ್ತಿ, ಮೂರು ವರ್ಷದ್ದನ್ನು ಒಟ್ಟಿಗೇ ಅತ್ತಳು. ಅನ್ನಪೂರ್ಣಕ್ಕ ಅವಳ ಬೆನ್ನು ಸವರುತ್ತ ಬಹಳ ಹೊತ್ತು ಕೂತಿದ್ದಳು. ಕೊನೆಗೆ ಸಂದೇಶನಿಗೆ, "ಸೀತಾರಾಮನಿಗೆ ಫೋನ್ ಮಾಡಿ ಹೇಳು, ಭಟ್ಟರನ್ನ ಕೇಳಿ ದಿನ ನೋಡ್ಲಿ" ಎಂದು ಎದ್ದಳು.

ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದಳು. ಮಾರನೆಯ ದಿನದ ಇಡ್ಲಿಗೆ ನೆನೆಸಿಟ್ಟಿದ್ದ ಅಕ್ಕಿ ಉದ್ದನ್ನು ನೀರು ಬಸಿದು ಹಿತ್ತಲ ದನಕ್ಕೆ ಹಾಕಿ ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಕ್ರಮವಿಲ್ಲ. ಹೊರಗೆ ಹೋಗಿ ಅರ್ಧ ಶಟರ್ ಎಳೆಯುವಾಗ ಎಲ್ಲಿಂದಲೋ ಬಂದ ಲಾರಿ ಡ್ರೈವರ್ ಒಬ್ಬ ಮೆಟ್ಟಿಲ ಹತ್ತಿರ ನಿಂತಿದ್ದ. ಒಳಗಿನ ಅಳು ಅವನಿಗೂ ಕೇಳಿಸುತ್ತಿತ್ತು.

"ಊಟ ಇಲ್ಲ ತಮ್ಮ. ಸೂತಕ."

"ಅಯ್ಯೋ. ಯಾರು ತೀರಿಕೊಂಡ್ರು ಅಮ್ಮ?"

"ನನ್ನ ಮಗ."

ಅವನು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ. "ಯಾವಾಗ ಅಮ್ಮ?"

"ಮಳೆಗಾಲದಲ್ಲಿ" ಎಂದಳು ಅನ್ನಪೂರ್ಣಕ್ಕ.

ರಸ್ತೆಯಲ್ಲಿ ಮಾಘದ ಬಿಸಿಲು ಚುರುಗುಟ್ಟುತ್ತಿತ್ತು.