ಗಂಟೆಗೊಮ್ಮೆ ಬರುವ ಅಕ್ಕ

ಬೆಳಗಿನ ಐದೂವರೆ. ವಾರ್ಡಿನ ಮೂರನೇ ಹಾಸಿಗೆಯ ಪಕ್ಕ ನಿಂತ ನರ್ಸಕ್ಕ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತೆಳುವಾದ ಗ್ಲೌಸ್ ತೊಟ್ಟು, ಟಾರ್ಚ್ ಹಿಡಿದು, ಬೆರಳಿನ ಹಿಂಬದಿಯನ್ನು ರೋಗಿಯ ಕಾಲಿಗೆ ಮೆಲ್ಲಗೆ ತಾಗಿಸುತ್ತಾರೆ. ಲಾರಿ ರಿಪೇರಿ ಮಾಡುವ ಈತನ ಕಾಲು, ಜಾಕ್ ಜಾರಿ ಜಜ್ಜಿಹೋಗಿತ್ತು. ಮೂಳೆ ಮುಚ್ಚಲು ಚರ್ಮವೂ ಉಳಿದಿರಲಿಲ್ಲ. ನಿನ್ನೆ ಅವನದೇ ಬೆನ್ನಿನ ಮಾಂಸಖಂಡ ತೆಗೆದು ಅಲ್ಲಿ ಹೊದಿಸಿ, ಬೆಂಕಿಕಡ್ಡಿಗಿಂತ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಹೊಲಿದಿದ್ದಾರೆ. ಅದು ಹಿಡಿದರೆ ಕಾಲು ಉಂಟು, ಇಲ್ಲದಿದ್ದರೆ ಇಲ್ಲ.

ಹೊಲಿದ ಡಾಕ್ಟರು ಯಾರೆಂದು ಊರಿಗೇ ಗೊತ್ತು. ಆಮೇಲೆ ಗಂಟೆಗೊಮ್ಮೆ ಅದರ ಬಣ್ಣ, ಬಿಸಿ ನೋಡುವವರು ಯಾರೆಂದು ಯಾರೂ ಕೇಳುವುದಿಲ್ಲ. ಐದು ಹಾಸಿಗೆ, ಎಂಟು ಗಂಟೆ, ಪಾಳಿಗೆ ನಲವತ್ತು ಸಲ: ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ರೋಗಿಗಳು ಇಟ್ಟ ಹೆಸರು 'ಗಂಟೆಯಕ್ಕ'. ಮನೆಯಲ್ಲೂ ಮಲಗಿದವರನ್ನು ಮುಟ್ಟಿ ನೋಡುವ ಚಟ ಬಿಟ್ಟಿಲ್ಲವಂತೆ. "ಇನ್ನೂ ಬದುಕಿದ್ದೀನಿ ಕಣೆ, ಮಲ್ಕೋ" ಎಂದು ಗಂಡ ಗೊಣಗುತ್ತಾರಂತೆ.

ಇವತ್ತು ಬೆರಳು ಅಲ್ಲೇ ನಿಲ್ಲುತ್ತದೆ. ನಾಲ್ಕೂವರೆಗೆ ಕೆಂಪಗಿದ್ದ ಖಂಡ ನೇರಳೆಗೆ ತಿರುಗಿದೆ. ಪಾಳಿಯ ಕಿರಿಯ ಡಾಕ್ಟರು ಯಂತ್ರವಿಟ್ಟು ಆಲಿಸುತ್ತಾರೆ. ರಕ್ತ ಹರಿಯುವ ಸುಯ್ ಸುಯ್ ಸದ್ದು ಚೆನ್ನಾಗಿಯೇ ಇದೆ. ಏಳರವರೆಗೆ ಕಾದು ನೋಡೋಣ ಎನ್ನುತ್ತಾರೆ.

"ಅದು ಒಳಗೆ ಹೋಗೋ ರಕ್ತದ ಸದ್ದು ಸಾರ್. ವಾಪಸ್ ಬರೋ ದಾರಿ ಕಟ್ಟಿದೆ. ದೊಡ್ಡ ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ, ಬೈದ್ರೆ ನನಗೇ ಬೈಲಿ," ಎನ್ನುತ್ತಾರೆ ಅಕ್ಕ.

ತಾಳಿದವನು ಬಾಳಿಯಾನು ಎಂಬ ಗಾದೆ ಈ ವಾರ್ಡಿನಲ್ಲಿ ನಡೆಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಇದೇ ಬಣ್ಣ ಕಂಡು, ಹೇಳಹೋಗಿ ಬೈಸಿಕೊಂಡು, ಹಾಳೆಯಲ್ಲಿ ಬರೆದಿಟ್ಟು ಸುಮ್ಮನಾಗಿದ್ದರು. ಹೊಲಿಗೆ ಯಂತ್ರ ತುಳಿದು ಬದುಕುತ್ತಿದ್ದ ಹೆಂಗಸೊಬ್ಬರು ಪಾದ ಕಳೆದುಕೊಂಡರು. "ಬರೆದಿದ್ದು ಸರಿಯಾಗೇ ಇತ್ತು. ನಾನೇ ಇನ್ನೊಂದ್ಸಲ ಬಾಯಿ ಬಿಡಲಿಲ್ಲ," ಎನ್ನುವಾಗ ಇಂದಿಗೂ ಅವರ ದನಿ ಕುಗ್ಗುತ್ತದೆ.

ದೊಡ್ಡ ಡಾಕ್ಟರು ಬೈಯುವುದಿಲ್ಲ, ಅರ್ಧ ಗಂಟೆಯಲ್ಲಿ ಬಂದೇಬಿಡುತ್ತಾರೆ. ಹೊಲಿಗೆ ಬಿಚ್ಚಿದರೆ, ರಕ್ತ ಮರಳುವ ನಾಳದಲ್ಲಿ ಅಕ್ಕಿಕಾಳಿನಷ್ಟು ಹೆಪ್ಪು. ಅದನ್ನು ತೆಗೆದು ಮತ್ತೆ ಹೊಲಿಯುತ್ತಾರೆ. ಹತ್ತು ಗಂಟೆಗೆ ರೋಗಿ ವಾರ್ಡಿಗೆ ಮರಳಿದಾಗ ಖಂಡ ಕೆಂಪಗಿದೆ, ಬೆಚ್ಚಗಿದೆ. ಪಾಳಿ ಮುಗಿದು ಎರಡು ಗಂಟೆಯಾದರೂ ಅಕ್ಕ ಮನೆಗೆ ಹೋಗಿಲ್ಲ. ಆ ಬಣ್ಣ ಗುರುತಿಸುವುದನ್ನು ತನಗೂ ಕಲಿಸಿಕೊಡಿ ಎಂದು ಕಿರಿಯ ಡಾಕ್ಟರು ಸಂಕೋಚದಿಂದಲೇ ಕೇಳುತ್ತಾರೆ.

ಮೆಕ್ಯಾನಿಕ್ಕನ ಹೆಂಡತಿ ಅಕ್ಕನ ಕೈ ಹಿಡಿದು, ಏನು ಮಾಡಿದರೆ ಈ ಋಣ ತೀರೀತು ಎಂದು ಅಳುತ್ತಾಳೆ. ಅಕ್ಕ ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸುತ್ತಾರೆ.

"ಇಲ್ಲಿಂದ ಎಲ್ರೂ ಗಾಲಿಕುರ್ಚಿಯಲ್ಲೇ ಹೋಗೋದು ಕಣಮ್ಮ. ಒಬ್ರು ನಡೆಯೋದನ್ನೂ ನಾನು ನೋಡಿಲ್ಲ. ಇವ್ರ ಕಾಲು ನೆಲಕ್ಕೆ ಊರಿದ ಮೇಲೆ, ಒಂದ್ಸಲ ನಡ್ಕೊಂಡು ಬಂದು ತೋರಿಸಿ ಹೋಗ್ಲಿ."